ಮಡಿಯ ಹೊತ್ತಿನ ಗಂಟೆ

ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಅತ್ತೆಯವರನ್ನು ಯಾರೂ ಮುಟ್ಟುವ ಹಾಗಿಲ್ಲ. ಸ್ನಾನವಾಗಿ, ಮಡಿ ಸೀರೆ ಉಟ್ಟು, ಅಡುಗೆ ಮುಗಿಸಿ, ದೀಪ ಹಚ್ಚಿ ನೈವೇದ್ಯ ಆಗುವವರೆಗೆ ಅವರಿಗೂ ನಮಗೂ ನಡುವೆ ಕಾಣದ ಒಂದು ಗೆರೆ ಇರುತ್ತದೆ. ಗೆರೆಯ ಆಚೆ ಅವರು, ಈಚೆ ನಾವು. ನೈವೇದ್ಯ ಮುಗಿದ ಮೇಲೆ ಅದೇ ಅತ್ತೆ ಸೋಫಾದಲ್ಲಿ ನನಗೆ ಒತ್ತಿಕೊಂಡು ಕೂತು, ನನ್ನ ಮಡಿಲಿಗೆ ಕಾಲು ನೀಡಿ, ಉಗುರು ಕತ್ತರಿಸು ಅನ್ನುತ್ತಾರೆ. ಹಾಗಾಗಿ ಇದನ್ನು ಓದಿ ಯಾರೂ ಅವರನ್ನು ಬಿಗುಮಾನದ ಹೆಂಗಸು ಅಂದುಕೊಳ್ಳಬಾರದು. ಮಡಿ ಅವರಿಗೆ ಜಂಬವಲ್ಲ. ನಮಗೆ ಬೆಳಗಿನ ಕಾಫಿ ಹೇಗೋ ಅವರಿಗೆ ಅದು ಹಾಗೆ. ಅದಿಲ್ಲದೆ ದಿನ ಶುರುವಾಗುವುದೇ ಇಲ್ಲ.

ನಾನು ಮೈಸೂರಿನವಳು. ಮದುವೆಯಾಗಿ ಬಂದಾಗ ಈ ಊರು ಮದರಾಸು, ಆಮೇಲೆ ಚೆನ್ನೈ ಆಯಿತು. ಗಂಡನ ಮನೆಯವರು ಮುತ್ತಜ್ಜನ ಕಾಲದಿಂದ ಇಲ್ಲಿಯವರು. ಮನೆಯೊಳಗೆ ಕನ್ನಡವೇ ಆಡುತ್ತಾರೆ, ಆದರೆ ಸರಿಗೆ ‘ಶರಿ’, ಆಮೇಲೆಗೆ ‘ಅಪ್ಪರಂ’ ಎಂದು ಅದರಲ್ಲಿ ಅರ್ಧ ತಮಿಳೇ ಸೇರಿರುತ್ತದೆ. ಹೊಸದರಲ್ಲಿ ನಾನು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುತ್ತಿದ್ದೆ. ಅವರು ನನ್ನ ‘ಹೌದಾ’, ‘ಏನಂತೀರಾ’ ಕೇಳಿ ಎದುರಿಗೇ ನಗುತ್ತಿದ್ದರು. ಮಗಳು ಹುಟ್ಟಿದ ಮೇಲೆ ಇಬ್ಬರಿಗೂ ಸೋಲಾಯಿತು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ ಬರುತ್ತದೆ.

ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನಲ್ಲಿ ಬೆಳಗಿನ ಅಡುಗೆಮನೆ ಅತ್ತೆಯವರದು. ನನ್ನದು ಹಾಲ್‌ನ ಮೂಲೆಯ ಮೇಜು ಮತ್ತು ಅದರ ಮೇಲಿನ ಇಂಡಕ್ಷನ್ ಒಲೆ. ಕಾಫಿ, ತಿಂಡಿ, ಡಬ್ಬಿ ಎಲ್ಲ ಅಲ್ಲೇ. ಗಂಡನಿಗೆ ಎಣ್ಣೂರಿನ ಕಡೆ ಕೆಲಸ. ಊರು ಏಳುವ ಮೊದಲೇ ಕಂಪನಿ ಬಸ್ಸು ಹತ್ತಿಬಿಡುತ್ತಾರೆ. ಭಾನುವಾರ ಬಿಟ್ಟರೆ ದೇವರ ಪೂಜೆಗೂ ಅವರು ಸಿಗುವುದಿಲ್ಲ. ಆದ್ದರಿಂದ ದೇವರನ್ನು ನೋಡಿಕೊಳ್ಳುವುದು ಅತ್ತೆ, ಅತ್ತೆಯವರನ್ನು ನೋಡಿಕೊಳ್ಳುವುದು ನಾನು ಎಂದು ಕೆಲಸ ಹಂಚಿಹೋಗಿದೆ. ಕಾಲೇಜಿಗೆ ಹೋಗುವ ಮಗಳನ್ನು ಎಬ್ಬಿಸುವ ಕೆಲಸವೂ ನನ್ನದೇ, ಅದರ ಕಷ್ಟವನ್ನು ಇಲ್ಲಿ ಬರೆಯುವುದಿಲ್ಲ.

ಅತ್ತೆಯವರ ಬಚ್ಚಲಿನಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಓಣಿಯಂಥ ಜಾಗವಿದೆ. ಅಲ್ಲಿ ಸೂರಿಗೆ ಹತ್ತಿರವಾಗಿ ಬಿದಿರಿನ ಗಳ ತೂಗುತ್ತದೆ. ಹಿಂದಿನ ದಿನ ಒಗೆದು ಹರವಿದ ಮಡಿ ಸೀರೆ ಅದರ ಮೇಲೆ ಒಣಗಿರುತ್ತದೆ. ಸ್ನಾನವಾದ ಮೇಲೆ ಒದ್ದೆ ಬಟ್ಟೆಯಲ್ಲೇ ಬಂದು, ಮಡಿಕೋಲನ್ನು ಎರಡೂ ಕೈಯಲ್ಲಿ ಎತ್ತಿ, ಸೀರೆಯನ್ನು ಇಳಿಸಿಕೊಳ್ಳಬೇಕು. ಎಂಬತ್ತು ದಾಟಿದವರು ಒದ್ದೆ ಕಾಲಿನಲ್ಲಿ ನಿಂತು, ಕತ್ತು ಹಿಂದಕ್ಕೆ ಎತ್ತಿ, ಕೋಲು ಆಡಿಸುವುದನ್ನು ನೋಡುತ್ತಿದ್ದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಗಳವನ್ನು ಕೆಳಗೆ ಇಳಿಸಿ ಕಟ್ಟೋಣ ಎಂದು ಗಂಡ ಹೇಳಿ ನೋಡಿದರು. ಕೆಳಗಿದ್ದರೆ ಹೋಗುವವರು ಬರುವವರ ತಲೆ ತಾಗಿ ಮೈಲಿಗೆಯಾಗುತ್ತದೆ, ಮೇಲೇ ಇರಲಿ ಎಂದರು ಅತ್ತೆ. ಅಲ್ಲಿಗೆ ಆ ಮಾತು ಮುಗಿಯಿತು.

ಕೊನೆಗೆ ಆಗಬಾರದ್ದು ಆಗಿಯೇ ಹೋಯಿತು. ಒಂದು ಬೆಳಿಗ್ಗೆ ಅಲ್ಲೇ ಜಾರಿ ಬಿದ್ದರು. ಪುಣ್ಯಕ್ಕೆ ಸೊಂಟಕ್ಕೆ ಏನೂ ಆಗಲಿಲ್ಲ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಆಸ್ಪತ್ರೆಯಲ್ಲಿ ಅಷ್ಟು ನೋವಿದ್ದರೂ ಹಲ್ಲು ಕಚ್ಚಿಕೊಂಡು ಕೂತಿದ್ದ ಅತ್ತೆ, ಪ್ಲಾಸ್ಟರನ್ನು ನೀರಿನಲ್ಲಿ ನೆನೆಸಬಾರದು ಎಂದು ಕೇಳಿದ ಮೇಲೆ ಮಾತ್ರ ಕಣ್ಣೀರು ಹಾಕಿದರು. ನೆನೆಸಬಾರದು ಅಂದರೆ ತಲೆಯ ಮೇಲಿಂದ ಸ್ನಾನವಿಲ್ಲ, ಸ್ನಾನವಿಲ್ಲ ಅಂದರೆ ಮಡಿಯಿಲ್ಲ. ಡಾಕ್ಟರಿಗೆ ಇದು ಅರ್ಥವಾಗಲಿಲ್ಲ. ನೋವಿಗೆ ಇನ್ನೊಂದು ಮಾತ್ರೆ ಬರೆದುಕೊಟ್ಟರು.

ಪ್ಲಾಸ್ಟರ್ ಇದ್ದಷ್ಟು ದಿನ ನಾನು ಅಡುಗೆ ಮಾಡಿದೆ, ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ನನ್ನ ಕೈಯಡುಗೆ ಮೂರು ಹೊತ್ತೂ ಉಂಡರು, ನಿಜ. ಆದರೆ ಸಾರು ನೀರಾಗಿದೆ ಎಂದು ಒಂದು ಸಲವೂ ಹೇಳಲಿಲ್ಲ. ಪಲ್ಯಕ್ಕೆ ಇಂಗು ಹೆಚ್ಚಾಯಿತು ಎಂದು ಮೂಗು ಮುರಿಯಲಿಲ್ಲ. ಅವರ ಟೀಕೆಯಿಲ್ಲದೆ ಊಟ ನನಗೇ ಸಪ್ಪೆಯಾಯಿತು. ಹಗಲೆಲ್ಲ ಮಲಗುವುದು, ಕರೆದರೆ ಏನು ಎಂದು ಕಣ್ಣು ಬಿಡುವುದು, ಮತ್ತೆ ಮಲಗುವುದು. ನನಗೆ ಆಗ ಭಯವಾಗಿದ್ದು ಮುರಿದ ಮೂಳೆಯಿಂದ ಅಲ್ಲ, ಈ ಸುಮ್ಮನಿರುವಿಕೆಯಿಂದ. ಪ್ಲಾಸ್ಟರ್ ಬಿಚ್ಚಿದ ಮಾರನೆಯ ಬೆಳಿಗ್ಗೆ ಅವರು ಎದ್ದು ಸ್ನಾನ ಮಾಡಿ ಬಂದು, ಹುಳಿಗೆ ನೀನು ಯಾವ ಬೇಳೆ ಹಾಕುತ್ತಿದ್ದೆ, ಕಲ್ಲಿನ ಹಾಗಿತ್ತು ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದುರು ಮಾತಾಡುವುದೇ ಮರೆತುಹೋಯಿತು.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: ಇನ್ನೊಂದು ಸಲ ಬಿದ್ದರೆ ಸೊಂಟ ಮುರಿಯಬಹುದು, ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಏಳುವುದು ಕಷ್ಟ. ಅವರು ಎದ್ದು ನಿಲ್ಲುವಾಗ, ಬಚ್ಚಲಿನಿಂದ ಬರುವಾಗ ಯಾರಾದರೂ ತೋಳು ಹಿಡಿಯಬೇಕು. ಮನೆಗೆ ಬಂದು ಇದನ್ನು ಹೇಳಿದೆ. ತೋಳು ಹಿಡಿದರೆ ಅಪ್ಪರಂ ಮಡಿ ಎಲ್ಲಿ ಉಳಿಯಿತು ಎಂದು ಅತ್ತೆ ಕೇಳಿದರು. ಹಾಗಾದರೆ ನಾನೇ ಮಡಿಯಲ್ಲಿರುತ್ತೇನೆ ಎಂದೆ. ನಾಲ್ಕು ದಿನ ಇದ್ದೂ ನೋಡಿದೆ. ಹಾಲಿನವನು ಬೆಲ್ ಮಾಡಿದರೆ ಬಾಗಿಲು ತೆಗೆಯುವವರಿಲ್ಲ, ಮಗಳನ್ನು ಅಲುಗಾಡಿಸಿ ಎಬ್ಬಿಸುವವರಿಲ್ಲ, ನೀರಿನ ಲಾರಿ ಬಂದರೆ ಇಳಿದುಹೋಗಿ ನೋಡುವವರಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮಡಿಯಲ್ಲಿ ಕೂತರೆ ಮನೆ ನಡೆಯುವುದಿಲ್ಲ ಎಂದು ಅತ್ತೆಯವರೇ ನನ್ನನ್ನು ಬಿಡುಗಡೆ ಮಾಡಿದರು.

ಹೀಗೆ ನಮ್ಮ ಮುಂದೆ ಒಂದು ಪೇಚು ಬಂದು ಕೂತಿತು. ಮಡಿ ಬಿಡಿಸಿದರೆ ಅವರು ಮಂಕಾಗುತ್ತಾರೆ, ಬಿಡಿಸದಿದ್ದರೆ ಬೀಳುತ್ತಾರೆ. ಸ್ಟೀಲಿನ ವಾಕರ್ ತಂದಾಗ ಅದನ್ನು ತಕರಾರಿಲ್ಲದೆ ಒಪ್ಪಿಕೊಂಡರು, ಸ್ಟೀಲು ತೊಳೆದರೆ ಮಡಿಯಾಗುತ್ತದಲ್ಲ. ದಿನಾ ಸ್ನಾನದ ಹೊತ್ತಿಗೆ ಅದಕ್ಕೂ ಎರಡು ಚೊಂಬು ನೀರು ಬೀಳುತ್ತಿತ್ತು. ಆದರೆ ಮಡಿಕೋಲು ಎತ್ತಲು ಎರಡು ಕೈ ಬೇಕು, ಆಗ ವಾಕರನ್ನು ಬಿಡಲೇಬೇಕು. ಮಂಚದ ಪಕ್ಕ ನೆಲದ ಮೇಲೆ ಹಾಸುವ, ಕಾಲಿಟ್ಟ ಕೂಡಲೇ ಕೂಗುವ ಒಂದು ಚಾಪೆಯಂಥದ್ದು ಸಿಗುತ್ತದೆ ಎಂದು ಯಾರೋ ಹೇಳಿದರು. ಯಾರು ಯಾರು ತುಳಿದ ಚಾಪೆಯೋ ಎಂದು ಅದು ಬಾಗಿಲೊಳಗೆ ಬರುವ ಮೊದಲೇ ತಿರಸ್ಕೃತವಾಯಿತು.

ಆಗ ನನ್ನ ಗಂಡ, ಎಂಜಿನಿಯರಲ್ಲವೆ, ಒಂದು ಶನಿವಾರ ಪ್ಯಾರೀಸ್ ಕಾರ್ನರಿನ ಅಂಗಡಿ ಬೀದಿಗೆ ಹೋಗಿ ಸಣ್ಣದೊಂದು ಬಿಳಿ ಡಬ್ಬಿ ತಂದರು. ಎದುರಿಗೆ ಯಾರಾದರೂ ಚಲಿಸಿದರೆ ಅದಕ್ಕೆ ತಿಳಿಯುತ್ತದಂತೆ, ತಿಳಿದ ಕೂಡಲೇ ಸದ್ದು ಮಾಡುತ್ತದಂತೆ. ಅತ್ತೆ ಅದನ್ನು ದೂರದಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು.

“ಅದು ನನ್ನ ಮುಟ್ಟತ್ತಾ?”

“ಇಲ್ಲಮ್ಮ. ಗೋಡೆ ಮೇಲೇ ಇರತ್ತೆ.”

“ಶರಿ, ಹಾಗಿದ್ರೆ ಇರ್ಲಿ.”

ಮನೆಯಲ್ಲಿ ನಮ್ಮ ಯಾರಿಗೂ ಸಿಗದ ಅನುಮತಿ ಆ ಡಬ್ಬಿಗೆ ಇಷ್ಟು ಸುಲಭವಾಗಿ ಸಿಕ್ಕಿತು. ಆದರೆ ಗಂಡ ತಂದದ್ದು ಅಂಗಡಿಗಳ ಬಾಗಿಲಿಗೆ ಹಾಕುವ ಡಬ್ಬಿ ಎಂದು ತಿಳಿದದ್ದು ಮಾರನೆಯ ದಿನ. ಅತ್ತೆ ಮಂಚದಿಂದ ಕಾಲು ಕೆಳಗಿಟ್ಟರೆ ಸಾಕು, ಡಬ್ಬಿಯೊಳಗಿನಿಂದ ಯಾವಳೋ ಹೆಂಗಸು ಸಕ್ಕರೆ ಸುರಿದ ಇಂಗ್ಲಿಷಿನಲ್ಲಿ ‘ಹಲೋ, ವೆಲ್‌ಕಮ್’ ಎನ್ನುತ್ತಿದ್ದಳು. ಬಚ್ಚಲಿಗೆ ಹೋಗುವಾಗ ವೆಲ್‌ಕಮ್, ಬರುವಾಗ ವೆಲ್‌ಕಮ್. ಮೊದಲ ದಿನ ಬಾಗಿಲಿಗೆ ಯಾರೋ ಬಂದಿದ್ದಾರೆ ನೋಡು ಎಂದರು. ವಾರ ಕಳೆಯುವಷ್ಟರಲ್ಲಿ ‘ಬಂದೆ, ಬಂದೆ’ ಎಂದು ಅವಳಿಗೆ ಉತ್ತರ ಕೊಡತೊಡಗಿದರು. ನಾವು ನಕ್ಕಿದ್ದೇ ನಕ್ಕಿದ್ದು. ಮಗಳು ಮಾತ್ರ ನಗಲಿಲ್ಲ. ಕಿವಿಯ ಪಕ್ಕದಲ್ಲೇ ಹಾಗೆ ಕೂಗಿದರೆ ಅಜ್ಜಿ ಬೆಚ್ಚಿ ತಿರುಗುತ್ತಾರೆ, ಆ ತಿರುಗುವಾಗಲೇ ಬೀಳಬಹುದು ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಬೀಳುವವರಿಗೆ ಗಂಟೆ ಕೇಳಿಸಿ ಪ್ರಯೋಜನವಿಲ್ಲ, ಹಿಡಿಯುವವರಿಗೆ ಕೇಳಿಸಬೇಕು.

ಅವಳೇ ಫೋನಿನಲ್ಲಿ ಹುಡುಕಿ ಬೇರೊಂದನ್ನು ತರಿಸಿದಳು. ಅದರಲ್ಲಿ ಎರಡು ಭಾಗ. ನೋಡುವ ಭಾಗ ಅತ್ತೆಯವರ ಕಡೆ, ಕೂಗುವ ಭಾಗ ನನ್ನ ಇಂಡಕ್ಷನ್ ಒಲೆಯ ಪಕ್ಕದ ಪ್ಲಗ್ಗಿನಲ್ಲಿ. ಗಂಡ ನೋಡುವ ಭಾಗವನ್ನು ಬಚ್ಚಲ ಬಾಗಿಲ ಮೇಲೆ ಎತ್ತರದಲ್ಲಿ ಹಚ್ಚಿದರು, ಅಂದವಾಗಿ ಕಾಣಲಿ ಎಂದು. ಓಣಿಯಲ್ಲಿ ಯಾರು ಓಡಾಡಿದರೂ ಗಂಟೆ ಹೊಡೆಯಿತು. ಪಾತ್ರೆ ತೊಳೆಯಲು ಬರುವವಳು ಕಸ ಗುಡಿಸಿದರೂ, ನಮ್ಮ ಬೆಕ್ಕು ಬಾಲ ಎತ್ತಿಕೊಂಡು ಹೋದರೂ ಹೊಡೆಯಿತು. ಎರಡು ದಿನ ಪ್ರತಿ ಸಲವೂ ಓಡಿದೆ. ಮೂರನೆಯ ದಿನ ದೋಸೆ ಹುಯ್ಯುತ್ತಾ, ಬೆಕ್ಕೇ ಇರಬೇಕು ಎಂದು ಸುಮ್ಮನಿದ್ದೆ. ಹೋಗಿ ನೋಡಿದರೆ ಅತ್ತೆ ಒಬ್ಬರೇ ಓಣಿಯ ನಡುವೆ ನಿಂತಿದ್ದರು. ಅದೇ ಸಂಜೆ ಗಂಡನನ್ನು ಸ್ಟೂಲಿನ ಮೇಲೆ ಹತ್ತಿಸಿ ಅದನ್ನು ಕೀಳಿಸಿದೆ. ಸುಳ್ಳು ಕೂಗುವ ಗಂಟೆಗಿಂತ ಗಂಟೆಯಿಲ್ಲದಿರುವುದೇ ಮೇಲು ಎಂದು ಗಟ್ಟಿಯಾಗಿಯೇ ಹೇಳಿದೆ. ಅದನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಬಚ್ಚಲ ಬಾಗಿಲಿಗೆ ಮಾತ್ರ ಮುಖ ಮಾಡಿಸಿದೆವು. ಮಂಚದ ಪಕ್ಕಕ್ಕೆ ಅಂಥದ್ದೇ ಇನ್ನೊಂದು ಬಂತು. ಬೆಕ್ಕನ್ನು ಬೆಳಗಿನ ಹೊತ್ತು ಬಾಲ್ಕನಿಗೆ ಗಡೀಪಾರು ಮಾಡಿದೆವು.

ಇಷ್ಟಾದ ಮೇಲೂ ಕೆಲವು ದಿನ ಗಂಟೆ ಬಾಯಿ ಬಿಡಲಿಲ್ಲ. ಬ್ಯಾಟರಿ ಹೋಯಿತೇ ಎಂದು ನೋಡಲು ಹೋದರೆ, ಡಬ್ಬಿಯ ಮುಖಕ್ಕೆ ಅತ್ತೆಯವರ ಮಡಿ ಟವೆಲು ಹೊದಿಸಿತ್ತು. ಸೀರೆ ಉಡುವ ಜಾಗದಲ್ಲಿ ಅದು ಕಣ್ಣು ಬಿಟ್ಟುಕೊಂಡು ಕೂತಿದ್ದರೆ ಹೇಗೆ ಎಂದು ಅವರ ವಾದ. ದಿನವಿಡೀ ಅದಕ್ಕೆ ನೋಡಲು ಬಿಟ್ಟು, ಅಪಾಯದ ಆ ಒಂದು ಗಳಿಗೆಯಲ್ಲಿ ಸರಿಯಾಗಿ ಕಣ್ಣು ಕಟ್ಟುತ್ತಿದ್ದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವರ ಸಂಕೋಚ ತಪ್ಪೇನೂ ಅಲ್ಲ, ಹೇಳದೆಯೇ ಹಚ್ಚಿದ್ದು ನಮ್ಮ ಅವಸರ. ಮಗಳು ಅಜ್ಜಿಯ ಪಕ್ಕ ಕೂತು, “ಪಾಟ್ಟಿ, ಇದು ಕ್ಯಾಮೆರಾ ಇಲ್ಲೆ”, ಅಜ್ಜಿ ಇದು ಕ್ಯಾಮೆರಾ ಅಲ್ಲ, ಎಂದು ಶುರುಮಾಡಿ, ಅದಕ್ಕೆ ಚಿತ್ರ ಕಾಣುವುದಿಲ್ಲ, ಮೈಯ ಕಾವು ಹತ್ತಿರದಲ್ಲಿ ಚಲಿಸಿದರೆ ಅಷ್ಟು ಮಾತ್ರ ತಿಳಿಯುತ್ತದೆ ಎಂದು ತಮಿಳಿನಲ್ಲೇ ವಿವರಿಸಿದಳು. ಅತ್ತೆ ಅವಳ ಫೋನನ್ನೂ ತೆರೆಸಿ, ತಮ್ಮ ಪಟ ಎಲ್ಲೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಟವೆಲು ತೆಗೆದರು.

ಅಂತೂ ಗಂಟೆ ಸರಿಯಾಗಿ ಹೊಡೆಯತೊಡಗಿತು. ಆಗಲೇ ನಿಜವಾದ ತೊಡಕು ಕಣ್ಣಿಗೆ ಬಿದ್ದದ್ದು. ಬಚ್ಚಲ ಬಾಗಿಲು ತೆರೆದ ಕೂಡಲೇ ನನ್ನ ಪಕ್ಕದಲ್ಲಿ ಟಿಣ್ ಟಿಣ್. ನಾನು ಒಲೆ ಆರಿಸಿ ಓಡುತ್ತೇನೆ. ಓಣಿಯ ಅಂಚಿನವರೆಗೆ ಬಂದು ಗಕ್ಕನೆ ನಿಲ್ಲುತ್ತೇನೆ. ಆಚೆ ಅತ್ತೆ ಒದ್ದೆ ಬಟ್ಟೆಯಲ್ಲಿ, ಕೋಲು ಎತ್ತಿಕೊಂಡು. ಈಚೆ ನಾನು, ಸ್ನಾನವಿಲ್ಲದ ನೈಟಿಯಲ್ಲಿ, ಎರಡೂ ಕೈ ಮುಂದಕ್ಕೆ ಚಾಚಿಕೊಂಡು. ಮುಟ್ಟಬೇಡ ಎಂದು ಅವರು ಹೇಳುತ್ತಿರಲೂ ಇಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಇಷ್ಟು ವರ್ಷಗಳ ಅಭ್ಯಾಸಕ್ಕೆ ನನ್ನ ಕಾಲು ತಾನಾಗಿ ನಿಂತುಬಿಡುತ್ತಿತ್ತು. ನಿಧಾನ ಅಮ್ಮಾ, ಎಡಕ್ಕೆ ಅಮ್ಮಾ ಎಂದು ಅಲ್ಲಿಂದಲೇ ಹೇಳುವುದು ಬಿಟ್ಟರೆ ನನ್ನಿಂದ ಆಗುವುದು ಏನೂ ಇರಲಿಲ್ಲ. ಅವರು ಸೀರೆ ಇಳಿಸಿಕೊಂಡು, ವಾಕರ್ ಹಿಡಿದು ಒಳಗೆ ಹೋದ ಮೇಲೆ ನಾನು ಉಸಿರು ಬಿಟ್ಟು ವಾಪಸು ಬಂದು ಒಲೆ ಹಚ್ಚುತ್ತಿದ್ದೆ.

ಒಂದು ದಿನ ಕೋಲಿನ ತುದಿ ಗಳಕ್ಕೆ ಸಿಕ್ಕಿಕೊಂಡು ಅವರು ಹಿಂದಕ್ಕೆ ವಾಲಿದರು. ನಾನು ಅಲ್ಲೇ ಇದ್ದೆ, ಕೈಗೆಟುಕುವಷ್ಟು ಹತ್ತಿರದಲ್ಲಿ. ಆದರೂ ಗೆರೆ ದಾಟಲಿಲ್ಲ. ಅದೃಷ್ಟಕ್ಕೆ ಬೆನ್ನು ಗೋಡೆಗೆ ತಾಗಿ ಅವರು ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೆದರಿಕೆ ಇಳಿದ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಅತ್ತೆಯವರ ಎದುರು ನಾನು ಹಾಗೆ ದನಿ ಎತ್ತಿದ್ದು ಅದೇ ಮೊದಲು.

“ನೀವು ಬೀಳೋದನ್ನ ಮುಂಚೆನೇ ತಿಳ್ಕೊಂಡು, ಓಡಿ ಬಂದು, ನಿಂತು ನೋಡೋದಕ್ಕೆ ಈ ಗಂಟೆ ಬೇಕಾ ಅಮ್ಮಾ? ಬಿದ್ದ ಮೇಲೆ ನಿಮ್ಮನ್ನ ಎತ್ತೋವಾಗ ಮಡಿ ಕೇಳ್ತೀರಾ?”

ಅವರು ಕೋಲು ಬಿಡಿಸಿಕೊಂಡು ಸೀರೆ ಇಳಿಸಿಕೊಂಡರು. ಅಡುಗೆ ಮಾಡಿದರು, ನೈವೇದ್ಯ ಮಾಡಿದರು, ನನಗೆ ಬಡಿಸಿದರು. ಸೋಫಾದಲ್ಲಿ ಮಾತ್ರ ನನ್ನ ಪಕ್ಕ ಕೂರದೆ ಆ ತುದಿಗೆ ಕೂತರು. ನಾನೂ ಹಟದಿಂದ ಈ ತುದಿಯಲ್ಲೇ ಕೂತೆ. ಮಗಳು ಸಂಜೆ ಬಂದು, ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಕೂತು ಚಿಪ್ಸ್ ತಿಂದಳು. ಏನಾಯಿತು ಎಂದು ಕೇಳಲಿಲ್ಲ, ಅದು ಅವಳ ಜಾಣತನ.

ಮರುದಿನ ಮಧ್ಯಾಹ್ನ ಅತ್ತೆ ಕರೆದು ತಮ್ಮ ಟ್ರಂಕಿನ ಮುಚ್ಚಳ ತೆಗೆಯಲು ಹೇಳಿದರು. ಅಡಿಯಲ್ಲಿ ಮಾವನವರ ಧಾಬಳಿ ಇತ್ತು, ಪೂಜೆಗೆ ಕೂರುವಾಗ ಅವರು ಹೊದೆಯುತ್ತಿದ್ದ ದಪ್ಪ ಉಣ್ಣೆಯ ವಸ್ತ್ರ. ಕರ್ಪೂರದ ವಾಸನೆ ಹೊಡೆಯುತ್ತಿತ್ತು. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ, ಇದನ್ನು ಮೈ ತುಂಬ ಹೊದ್ದುಕೊಂಡರೆ ನೀನು ಸ್ನಾನ ಮಾಡಿರದಿದ್ದರೂ ನನ್ನನ್ನು ಹಿಡಿಯಬಹುದು ಎಂದರು. ರಾತ್ರಿಯೆಲ್ಲ ಯೋಚಿಸಿ ಕಂಡುಕೊಂಡ ದಾರಿ ಅದು. ಅವರ ಮುಖದಲ್ಲಿ ಕ್ಷಮೆ ಕೇಳುವ ಹಾಗೇನೂ ಇರಲಿಲ್ಲ, ಲೆಕ್ಕ ಬಿಡಿಸಿದ ಹುಡುಗಿಯ ಗೆಲುವಿತ್ತು. ನನಗೆ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಯಿತು. ಬಿಡಲಾರದ್ದನ್ನು ಬಿಡದೆ, ನನ್ನನ್ನು ಹತ್ತಿರ ಕರೆದುಕೊಳ್ಳಲು ಅವರು ಅಷ್ಟು ಹುಡುಕಾಡಿದ್ದರು.

ಆದರೆ ಅದು ಮೇ ತಿಂಗಳು. ಚೆನ್ನೈಯವರು ಕತ್ತಿರಿ ಎಂದು ಕರೆಯುವ ಸುಡುಬಿಸಿಲಿನ ದಿನಗಳು. ಸೂರ್ಯ ಹುಟ್ಟುವ ಮೊದಲೇ ಬೆವರು ಇಳಿಯುತ್ತಿರುತ್ತದೆ. ಅಂಥದ್ದರಲ್ಲಿ ಗಂಟೆ ಹೊಡೆದ ಕೂಡಲೇ ನಾನು ಒಲೆ ಆರಿಸಿ, ಕುರ್ಚಿಯ ಮೇಲಿನ ಧಾಬಳಿ ಎಳೆದು, ಕುತ್ತಿಗೆಯಿಂದ ಕಾಲಿನವರೆಗೆ ಸುತ್ತಿಕೊಂಡು, ಕರಡಿಯ ಹಾಗೆ ಓಣಿಗೆ ನುಗ್ಗಬೇಕಿತ್ತು. ಉಣ್ಣೆಯ ಒಳಗಿನಿಂದಲೇ ಅವರ ಸೊಂಟ ಹಿಡಿದು ನಿಲ್ಲುವುದು, ಅವರು ಕೋಲಿನಿಂದ ಸೀರೆ ಇಳಿಸುವುದು. ಆ ಹೊತ್ತಿಗೆ ನಾನು ಬೆವರಿನಲ್ಲಿ ಮಿಂದು ಎದ್ದಿರುತ್ತಿದ್ದೆ. ಈಗ ನೀನೂ ಸ್ನಾನ ಮಾಡಿದ ಹಾಗೇ ಎಂದು ಅತ್ತೆ ಒಮ್ಮೆ ಹಾಸ್ಯ ಮಾಡಿದರು. ಭಾನುವಾರ ಈ ಪಾಳಿ ಗಂಡನಿಗೆ. ಅವರು ಧಾಬಳಿ ಹೊದ್ದು ಬಂದರೆ ಬದರಿ ಯಾತ್ರೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಮಗಳು ಪಟ ತೆಗೆದು ಸೋದರತ್ತೆಯರಿಗೆಲ್ಲ ಕಳಿಸಿದಳು.

ಎಷ್ಟೇ ನಗೆಪಾಟಲಾದರೂ ಅದು ಕೆಲಸ ಮಾಡಿತು. ಗಂಟೆ ಹೊಡೆಯುತ್ತದೆ, ನಾನು ಹೋಗುತ್ತೇನೆ, ಹಿಡಿಯುತ್ತೇನೆ. ಅವರು ಬೀಳಲಿಲ್ಲ. ಸಾರಿನ ಬಗ್ಗೆ ಟೀಕೆಯೂ ಮೊದಲಿನಂತೆ ನಡೆಯಿತು. ನನ್ನ ಕೈಗೆ ಸಿಗುತ್ತಿದ್ದುದು ಉಣ್ಣೆ ಮತ್ತು ಅದರಾಚೆಯ ಒಂದು ಸಣ್ಣ ದೇಹ. ಅವರು ಎಷ್ಟು ಹಗುರಾಗಿಬಿಟ್ಟಿದ್ದಾರೆ ಎಂದು ನನಗೆ ತಿಳಿದದ್ದು ಹಾಗೆ.

ಬೆವರು ಹೀರಿ ಹೀರಿ ಧಾಬಳಿ ನಾರತೊಡಗಿದಾಗ ಅದನ್ನು ಬಿಸಿಲಿಗೆ ಹಾಕಲು ತಾರಸಿಗೆ ಒಯ್ದು ಹರವಿದೆ. ಸಂಜೆ ಬೇರೆ ಗಲಾಟೆಯಲ್ಲಿ ತರುವುದು ಮರೆತುಹೋಯಿತು. ಮಾರನೆಯ ಬೆಳಿಗ್ಗೆ ಗಂಟೆ ಹೊಡೆದಾಗ ಕೈ ಅಭ್ಯಾಸದಿಂದ ಕುರ್ಚಿಯ ಮೇಲೆ ಹೋಯಿತು. ಕುರ್ಚಿ ಬರಿದಾಗಿತ್ತು. ಹಾಗೇ ಓಡಿದೆ. ಓಣಿಯ ಅಂಚಿಗೆ ಬಂದಾಗ ಕಾಲು ಮತ್ತೆ ನಿಂತಿತು.

ಅತ್ತೆ ನನ್ನನ್ನು ಕಾಯದೆ ಕೋಲು ಎತ್ತಿಬಿಟ್ಟಿದ್ದರು. ಸೀರೆಯ ಅಂಚು ಬಿದಿರಿನ ಸಿಬಿರಿಗೆ ಸಿಕ್ಕಿತ್ತು. ಬಿಡಿಸಲೆಂದು ಜೋರಾಗಿ ಎಳೆದರು. ಸೀರೆ ಒಮ್ಮೆಲೇ ಬಿಟ್ಟುಕೊಂಡಿತು, ಅವರು ಹಿಂದಕ್ಕೆ ಒಂದು ಹೆಜ್ಜೆ ಸರಿದರು, ಒದ್ದೆ ಹಿಮ್ಮಡಿ ಟೈಲ್ಸಿನ ಮೇಲೆ ಸರ್ರನೆ ಜಾರಿತು. ವಾಕರ್ ದೂರದಲ್ಲಿತ್ತು. ಒಂದು ಕೈ ಗೋಡೆಗೆ ಊರಿಕೊಂಡು ಅವರು ನನ್ನ ಕಡೆ ಕತ್ತು ತಿರುಗಿಸಿದರು. ಬರಿಯ ನೈಟಿಯಲ್ಲಿ ನಿಂತಿದ್ದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಏನ್ ನೋಡ್ತಾ ನಿಂತೆ? ಬಾ, ಹಿಡ್ಕೋ.”

ಹೇಗೆ ದಾಟಿದೆನೋ ತಿಳಿಯದು. ಎರಡೂ ತೋಳಿನಿಂದ ಅವರ ನಡು ಬಳಸಿ ಹಿಡಿದೆ. ಕೋಲು ಕೆಳಗೆ ಬಿದ್ದು ಸದ್ದು ಮಾಡಿತು. ಸೀರೆ ಇಬ್ಬರ ತಲೆಯ ಮೇಲೂ ಬಂದು ಬಿತ್ತು. ಅವರ ಒದ್ದೆ ಬಟ್ಟೆಯ ನೀರೆಲ್ಲ ನನ್ನ ನೈಟಿಗೆ ಇಳಿಯಿತು. ನಾವಿಬ್ಬರೂ ಡಬ್ಬಿಯ ಎದುರೇ ನಿಂತಿದ್ದರಿಂದ ಹಾಲ್‌ನಲ್ಲಿ ಗಂಟೆ ಬಿಡದೆ ಹೊಡೆಯುತ್ತಿತ್ತು. ಎಂದೂ ತಾನಾಗಿ ಏಳದ ಮಗಳು ಕೂದಲು ಕೆದರಿಕೊಂಡು ಓಡಿ ಬಂದಳು. ಸೀರೆಯೊಳಗಿನಿಂದ ಇಣುಕುತ್ತಿದ್ದ ನಮ್ಮಿಬ್ಬರನ್ನು ನೋಡಿ, ನೇರ ಹೋಗಿ ಗಂಟೆಯ ಪ್ಲಗ್ಗು ಕಿತ್ತಳು.

ಅತ್ತೆಯವರನ್ನು ಸ್ಟೂಲಿನ ಮೇಲೆ ಕೂರಿಸಿ ಬೆನ್ನು ಸವರಿದೆ. ಉಸಿರು ಹದಕ್ಕೆ ಬಂದ ಮೇಲೆ, ಇನ್ನೊಂದು ಸ್ನಾನಕ್ಕೆ ನೀರು ಕಾಯಿಸಲೇ ಎಂದು ಕೇಳಿದೆ. ಕೇಳುವಾಗ ನನಗೇ ದುಃಖವಾಯಿತು. ಸೀರೆ ಮೈಲಿಗೆ, ಮೈ ಮೈಲಿಗೆ, ಬೇರೆ ಮಡಿ ಸೀರೆ ಒಣಗಿಲ್ಲ. ಅಂದರೆ ಇವತ್ತು ದೀಪವಿಲ್ಲ, ಅಡುಗೆಯಿಲ್ಲ, ಮತ್ತೆ ಆ ಕುರ್ಚಿ, ಆ ಮೌನ. ಅವರು ಬಚ್ಚಲ ಒದ್ದೆ ನೆಲ ನೋಡಿದರು, ನನ್ನ ತೊಪ್ಪೆಯಾದ ನೈಟಿ ನೋಡಿದರು. ಬೇಡ ಎಂದರು. ಅದೇ ಸೀರೆಯನ್ನು ಕೊಡಲು ಹೇಳಿ, ನನ್ನ ಹೆಗಲಿಗೆ ಒಂದು ಕೈ ಊರಿಕೊಂಡು, ನನ್ನ ಕೈಯಲ್ಲೇ ನೆರಿಗೆ ಹಿಡಿಸಿ ಉಟ್ಟರು. ನೆರಿಗೆ ವಕ್ರವಾಯಿತು ಎಂದು ನಡುವೆ ಒಮ್ಮೆ ಬೈದರು.

ಎದ್ದು ನನ್ನ ತೋಳು ಹಿಡಿದು ಅಡುಗೆಮನೆಯ ಕಡೆ ಹೊರಟರು. ದೇವರ ಗೂಡು ಇರುವುದೂ ಅಲ್ಲೇ. ಹೊಸ್ತಿಲ ಬಳಿ ನಾನು ನಿಂತೆ. ಮಡಿಯ ಹೊತ್ತಿನಲ್ಲಿ ನಾನು ಮೈಲಿಗೆಯಲ್ಲಿ ಅಲ್ಲಿಗೆ ಕಾಲಿಟ್ಟವಳೇ ಅಲ್ಲ.

“ಯಾಕೆ ನಿಂತೆ?”

“ಅಮ್ಮಾ, ನನ್ನ ಸ್ನಾನ ಆಗಿಲ್ಲ.”

“ನಂಗೆ ಗೊತ್ತು. ಒಳಗಿರೋ ಅವನಿಗೂ ಗೊತ್ತು. ನೀನು ಕೈ ಬಿಟ್ರೆ ನಾನು ಬೀಳ್ತೀನಿ, ದೀಪ ಯಾರು ಹಚ್ಚೋದು? ನಡಿ.”

ನಾನು ಕಾಲೆತ್ತಿದೆ. ಅವರು ನನ್ನ ತೋಳನ್ನು ಒಂದು ಚೂರು ಎಳೆದು ತಡೆದರು. ಬಲಗಾಲು ಮೊದಲು ಇಡು ಎಂದರು, ಹೊಸದಾಗಿ ಮನೆ ತುಂಬಿಸಿಕೊಳ್ಳುವ ಸೊಸೆಗೆ ಹೇಳುವ ಹಾಗೆ.